ಬದನೆಕಾಯಿಗೆ ಹುಷಾರಿರಲಿಲ್ಲ

“ನಿನ್ನೆ ಸಾಯಂಕಾಲ ಔಷಧಿ ಆಯ್ತು ಮಾರಾಯ. ಬೆಳಿಗ್ಗೆ ಎದ್ದು ನೋಡ್ತೀನಿ, ಮುಖದ ಮೇಲೆ ಏನು ಕಳೆ ಅಂತೀಯ!”

ಕಳೆದ ಗುರುವಾರ ಬೆಳಿಗ್ಗೆ ನಾಗರಾಜನ ಫೋನು. ನನ್ನ ಕೈ ತುಂಬ ದೋಸೆ ಹಿಟ್ಟು, ಹಾಗಾಗಿ ಸ್ಪೀಕರಿಗೆ ಹಾಕಿದ್ದೆ. ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ಶಾರದ ಕೈ ನಿಲ್ಲಿಸಿದಳು.

“ಅಯ್ಯೋ, ಲಲಿತಕ್ಕಂಗೆ ಏನಾಗಿತ್ತಣ್ಣ?” (ಲಲಿತಕ್ಕ ಅಂದರೆ ನಾಗರಾಜನ ಹೆಂಡತಿ.)

“ಅವಳಿಗೇನಾಗುತ್ತೆ, ಗುಂಡುಕಲ್ಲಿನ ಹಂಗಿದಾಳೆ. ನಾನು ಹೇಳಿದ್ದು ಬದನೆಕಾಯಿ ವಿಷಯ ಕಣಮ್ಮ.”

ನಾನು ಜೋರಾಗಿ ನಕ್ಕೆ. ಶಾರದ ನಗಲಿಲ್ಲ.

“ನಿನ್ನೆ ಹೊಡೆದಿದ್ದನ್ನ ನಾಳೆ ಕೊಯ್ದು ಕಳಿಸ್ತೀರಾ? ನಾಳೆ ಸೀಮಂತದ ಊಟ ಅಣ್ಣ. ಬಸುರಿ ಹುಡುಗಿ ಆಸೆಪಟ್ಟು ಕೇಳಿರೋದು.”

“ನೀನೇ ಬಂದು ನೋಡು ಮಾರಾಯ” ಎಂದು ನನಗೆ ಹೇಳಿ ನಾಗರಾಜ ಫೋನು ಇಟ್ಟ.

ಹೊಸಬರು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಎರಡು ಮಾತು. ನನ್ನದು ಭದ್ರಾವತಿ ನ್ಯೂಟೌನಿನಲ್ಲಿ ಒಂದು ಮೆಸ್. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹೋಟೆಲಿನಲ್ಲಿ ಟೇಬಲ್ ಒರೆಸಲು ಸೇರಿದವನು, ಇವತ್ತು ನನ್ನದೇ ಟೇಬಲ್ ಒರೆಸುತ್ತೇನೆ. ಹೇಳಿಕೊಳ್ಳಲು ನಾಚಿಕೆ ಇಲ್ಲ. ನನ್ನ ಕೈಯಿಂದ ಹಳಸಿದ ಅನ್ನ ಯಾರ ಎಲೆಗೂ ಬಿದ್ದಿಲ್ಲ. ಮೆಸ್ ಜೊತೆಗೆ ಸಣ್ಣಪುಟ್ಟ ಸಮಾರಂಭಗಳ ಅಡುಗೆಯನ್ನೂ ಒಪ್ಪಿಕೊಳ್ಳುತ್ತೇನೆ. ಈ ಸೀಮಂತ ಶಿವಮೊಗ್ಗದ ಗೀತಮ್ಮನವರ ಮಗಳು ಮೇಘನಾಳದು. ಹುಡುಗಿ ಅಮ್ಮನ ಕೈಯಿಂದ ಫೋನು ಕಿತ್ತುಕೊಂಡು ಹೇಳಿದ್ದಳು: “ಅಂಕಲ್, ಸ್ವೀಟ್ ಏನಾದ್ರೂ ಮಾಡಿ. ಎಣ್ಣೆಗಾಯಿ ಮಾತ್ರ ಬಿಡಬೇಡಿ.”

ಎಣ್ಣೆಗಾಯಿಗೆ ಬದನೆ ಹೇಗಿರಬೇಕು? ಎಳೆಯದಿರಬೇಕು, ಒಂದೇ ಅಳತೆ ಇರಬೇಕು, ಹೊಳೆಯಬೇಕು. ಮುಖ್ಯವಾಗಿ ತೂತು ಇರಬಾರದು. ಯಾಕೆಂದರೆ ಅದನ್ನು ಪೂರ್ತಿ ಹೆಚ್ಚುವುದಿಲ್ಲ. ತೊಟ್ಟು ಹಾಗೇ ಇಟ್ಟು, ನಾಲ್ಕು ಸೀಳು ಮಾಡಿ, ಮಸಾಲೆ ತುಂಬುತ್ತೇವೆ. ಒಳಗೆ ಹುಳ ಕೂತಿದ್ದರೆ ಅದೂ ಮಸಾಲೆ ಜೊತೆ ಬೇಯುತ್ತದೆ. ಅದಕ್ಕೇ ನನಗೆ ತರಕಾರಿ ಬೆಳೆದು ಕೊಡುವ ನಾಗರಾಜನ ಹತ್ತಿರ ನನ್ನದು ಒಂದೇ ಕರಾರು. ತೂತಿದ್ದರೆ ವಾಪಸ್.

ಈಗ ನಮ್ಮ ಕಡೆಯ ಆ ಪದದ ಬಗ್ಗೆ. ಔಷಧಿ! ಗಿಡಕ್ಕೆ ಹೊಡೆಯುವುದನ್ನು ನಾವೆಲ್ಲ ಔಷಧಿ ಎಂದೇ ಕರೆಯುತ್ತೇವೆ. ಭತ್ತಕ್ಕೆ ಔಷಧಿ, ಶುಂಠಿಗೆ ಔಷಧಿ, ಮೆಣಸಿನಕಾಯಿಗೆ ಔಷಧಿ. ಮಾರುವ ಅಂಗಡಿಯೂ ಔಷಧಿ ಅಂಗಡಿಯೇ. ಅದೇ ಡಬ್ಬದಲ್ಲಿರುವುದನ್ನು ಮನುಷ್ಯ ಕುಡಿದರೆ ಮಾತ್ರ ಮರುದಿನದ ಪೇಪರಿನಲ್ಲಿ ಅದರ ಹೆಸರು ವಿಷ. ಡಬ್ಬ ಅದೇ, ಮುಚ್ಚಳ ಅದೇ. ಹೆಸರು ಯಾವಾಗ ಬದಲಾಯಿತು ಸ್ವಾಮಿ?

ಇಷ್ಟು ವರ್ಷ ನನಗೂ ಈ ಪ್ರಶ್ನೆ ಬಂದಿರಲಿಲ್ಲ. ಶಾರದ ಕಾಯಿ ತುರಿಯುವುದನ್ನು ನಿಲ್ಲಿಸಿದ ಮೇಲೆ ಬಂತು.

“ಬೇರೆ ಕಡೆ ತಗೊಳ್ಳೋಣ ಬಿಡು. ಶಿವಮೊಗ್ಗ ಮಾರ್ಕೆಟ್ಟಲ್ಲಿ ಬದನೆಗೇನು ಬರವಾ?” ಎಂದೆ.

“ರೀ, ನಾಗಣ್ಣ ನಿನ್ನೆ ಹೊಡೆದೆ ಅಂತ ಹೇಳಿದ್ರು, ಗೊತ್ತಾಯ್ತು. ಮಾರ್ಕೆಟ್ಟಿನ ಬದನೆಗೆ ಯಾವಾಗ ಹೊಡೆದಿದಾರೆ ಅಂತ ಯಾರನ್ನ ಕೇಳ್ತೀರಿ? ಬದನೇನೇ ಕೇಳ್ತೀರಾ?”

ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಗಾಡಿ ಹತ್ತಿದೆ.

ನಾಗರಾಜನ ಹೊಲ ಇರುವುದು ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಯ ಆಚೆ. ವಿಮಾನ ತಲೆಯ ಮೇಲೇ ಇಳಿಯುತ್ತದೆ. ಬದುವಿನ ಮೇಲೆ ನಿಂತು ನೋಡಿದೆ. ಎಂಥ ಬದನೆ! ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ನನ್ನ ಕೈ ತಾನಾಗಿ ಒಂದಕ್ಕೆ ಹೋಯಿತು. ಮೂಗಿನ ಹತ್ತಿರ ತಂದೆ. ವಾಸನೆ ಇನ್ನೂ ಇತ್ತು.

“ಡಬ್ಬದ ಮೇಲೆ ಏನು ಬರೆದಿದೆ ನಾಗರಾಜ? ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು?”

“ಬರೆದಿದೆ, ಬರೆದಿದೆ. ಇರುವೆ ಸಾಲಿನಷ್ಟು ಸಣ್ಣಕ್ಕೆ ಬರೆದಿದೆ. ಅಷ್ಟು ದಿನ ಕಾದ್ರೆ ಬದನೆ ಬಲಿತು ಬೀಜ ಆಗುತ್ತೆ ಮಾರಾಯ. ಬಲಿತಿದ್ದನ್ನ ನೀನು ತಗೋತೀಯಾ?”

ತೆಗೆದುಕೊಳ್ಳುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಅಷ್ಟರಲ್ಲಿ ಲಲಿತಕ್ಕ ಮನೆಯ ಹಿಂದಿನಿಂದ ಬಂದರು. ಮಡಿಲಲ್ಲಿ ಬದನೆಕಾಯಿ. ಒಂದು ದಪ್ಪ, ಒಂದು ಸಣಕಲು, ಒಂದಕ್ಕೆ ಸೊಟ್ಟ ಮೂತಿ. ಅರ್ಧಕ್ಕರ್ಧ ತೂತು.

“ಇವು ಎಲ್ಲಿಯವು ಅಕ್ಕ?”

“ಬಚ್ಚಲ ಹಿಂದಿಂದು. ನಮ್ಮ ಸಾರಿಗೆ.”

“ಇವಕ್ಕೆ ಔಷಧಿ ಇಲ್ವಾ?”

“ಅದಕ್ಯಾಕೆ? ಅವು ಮನೇವು.”

ಎಷ್ಟು ಸಲೀಸಾಗಿ ಹೇಳಿದರು ನೋಡಿ! ಮುಚ್ಚಿಡುವ ಮಾತೇ ಇಲ್ಲ. ಬಚ್ಚಲ ನೀರು ಕುಡಿದ ಬದನೆಗೆ ಔಷಧಿ ಬೇಡ. ರೋಡು ದಾಟಿ ಭದ್ರಾವತಿಗೆ ಬರುವ ಬದನೆಗೆ ಮಾತ್ರ ಕಾಯಿಲೆ.

ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನ ಆಯಿತು. ದುಡ್ಡು ಕೊಟ್ಟು ಕೊಳ್ಳುವವನು ನಾನು. ನನಗಿಂತ ಅವನ ಬಚ್ಚಲಿಗೆ ಒಳ್ಳೆಯ ಬದನೆಯೇ?

“ಹೋದ ವರ್ಷ ಹಸಿಮೆಣಸಿನಕಾಯಿ ದುಬೈಗೆ ಕಳಿಸಿದ್ಯಲ್ಲ, ಅದಕ್ಕೂ ಹಿಂಗೇ ಮಾಡಿದ್ಯಾ?”

“ಹೇ, ಅದಕ್ಕೆ ಹಂಗೆ ಮಾಡಕ್ಕಾಗುತ್ತಾ? ಕಾದಿದ್ದೀನಪ್ಪ. ಏಜೆಂಟು ಬಂದು ಹೊಲದಲ್ಲೇ ಕೂತಿದ್ದ. ಈ ಡಬ್ಬ ಮುಟ್ಟಂಗಿಲ್ಲ, ಆ ಡಬ್ಬ ಸಾಕು, ಇಷ್ಟು ದಿನ ಬಿಟ್ಟು ಕೊಯ್ಯಿ, ಎಲ್ಲಾ ಅವನೇ ಹೇಳ್ದ. ಟೆಸ್ಟಲ್ಲಿ ಸಿಕ್ಕಿದ್ರೆ ಪೂರ್ತಿ ಲೋಡು ರಿಜೆಕ್ಟ್.”

“ದುಬೈಗೆ ಕಾಯ್ತೀಯ, ಭದ್ರಾವತಿಗೆ ಕಾಯಲ್ವಾ?”

ನಾಗರಾಜ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕುತ್ತಿಗೆ ಒರೆಸಿಕೊಂಡ. (ಔಷಧಿ ಹೊಡೆಯುವಾಗ ಮೂಗಿಗೆ ಕಟ್ಟಿಕೊಳ್ಳುವುದೂ ಇದೇ ಟವೆಲ್ಲು.)

“ದುಬೈಯೋರು ಔಷಧಿ ಎಷ್ಟಿದೆ ಅಂತ ಕೇಳ್ತಾರೆ. ನೀನು ಕೇಳೋದು ತೂತು ಇದೆಯಾ ಅಂತ. ಯಾರು ಏನು ಕೇಳ್ತಾರೋ ಅದನ್ನ ಕೊಡ್ತೀನಿ. ನನ್ ತಪ್ಪೇನು?”

ಆ ಏಜೆಂಟು ನಾಗರಾಜನಿಗೆ ಇನ್ನೂ ಒಂದು ಮಾತು ಹೇಳಿದ್ದನಂತೆ. ಈ ಕಡೆ ಜಪಾನು, ಆ ಕಡೆ ಕೊಲ್ಲಿ ದೇಶಗಳು, ನಡುವೆ ಸಿಂಗಪುರ, ಕಾಯಿಯಲ್ಲಿ ಔಷಧಿ ಎಷ್ಟು ಉಳಿದಿರಬಹುದು ಎನ್ನುವುದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಮಿತಿ. ಒಂದು ದೇಶಕ್ಕೆ ನಡೆಯುವ ಔಷಧಿ ಇನ್ನೊಂದಕ್ಕೆ ನಡೆಯುವುದಿಲ್ಲ. ಒಬ್ಬರು ಒಪ್ಪುವ ಅಳತೆಯನ್ನು ಇನ್ನೊಬ್ಬರು ಒಪ್ಪುವುದಿಲ್ಲ. ನಮ್ಮ ಅಕ್ಕಪಕ್ಕದ ದೇಶಗಳ ರೈತರಿಗೂ ಇದೇ ತಲೆನೋವು. ಹಾಗಾಗಿ ಏಷ್ಯಾದ ಎಷ್ಟೋ ಹೊಲಗಳಲ್ಲಿ ಹಡಗು ಹತ್ತುವ ಪೆಟ್ಟಿಗೆಗೆ ಒಂದು ಶಿಸ್ತು, ಊರ ಸಂತೆಯ ಬುಟ್ಟಿಗೆ ಇನ್ನೊಂದು ಶಿಸ್ತು.

ನಮ್ಮ ದೇಶದಲ್ಲಿ ಮಿತಿ ಇಲ್ಲವೇ? ಇದೆ. ಕಾನೂನು ಇದೆ, ಸ್ಯಾಂಪಲ್ ತೆಗೆಯುವ ಅಧಿಕಾರಿಗಳಿದ್ದಾರೆ, ಲ್ಯಾಬ್ ಇದೆ. ಇಲ್ಲ ಎಂದರೆ ತಪ್ಪಾಗುತ್ತದೆ. ಆದರೆ ನಾಗರಾಜನ ಹೊಲದಿಂದ ನನ್ನ ಒಲೆಗೆ ಬರುವ ದಾರಿ ಇದೆಯಲ್ಲ, ಅಲ್ಲಿ ಯಾರೂ ನಿಂತಿಲ್ಲ. ಇರುವುದು ಇಬ್ಬರೇ. ಅವನು, ನಾನು.

ತೊಳೆದರೆ ಹೋಗುತ್ತದೆ ಎನ್ನುತ್ತೀರಾ? ಮೇಲಿನದು ಸ್ವಲ್ಪ ಹೋಗುತ್ತದೆ, ತೊಳೆಯಲೇಬೇಕು. ಗಿಡವೇ ಕುಡಿದು ಕಾಯಿಯ ಒಳಗೆ ಇಟ್ಟುಕೊಂಡಿದ್ದನ್ನು ಯಾವ ಉಪ್ಪುನೀರಿನಲ್ಲಿ ತೊಳೆಯುತ್ತೀರಿ? ಅದಕ್ಕೇ ಡಬ್ಬದ ಮೇಲೆ ದಿನ ಬರೆದಿರುವುದು. ದಿನ ಕಳೆದ ಹಾಗೆ ಅದು ತಾನಾಗಿ ಇಳಿಯಬೇಕು. ನಮ್ಮ ಕೈಯಲ್ಲಿರುವುದು ಕಾಯುವ ಕೆಲಸ ಒಂದೇ. ಆ ಕೆಲಸ ನಮ್ಮಲ್ಲಿ ಯಾರಿಗೂ ಬಾರದು.

ಸೀಮಂತ ಮರುದಿನವೇ. ಏನು ಮಾಡುವುದು?

ಲಲಿತಕ್ಕ ಮಡಿಲಲ್ಲಿದ್ದ ಬದನೆಯನ್ನೆಲ್ಲ ನನ್ನ ಚೀಲಕ್ಕೆ ಸುರಿದರು. “ಹುಡುಗಿ ಎಲೆಗೆ ಇದನ್ನ ಹಾಕು. ನಾಳೆ ನಮಗೆ ಬೇಳೆ ಸಾರು ಸಾಕು.” ಉಳಿದವರ ಎಲೆಗೆ? ಬದುವಿನ ಮೇಲೆ ಹಲಸಿನ ಮರ ಇತ್ತು, ಎಳೆಕಾಯಿ ತೂಗುತ್ತಿದ್ದವು. ಹಲಸಿನ ಮರಕ್ಕೆ ಔಷಧಿ ಹೊಡೆಯುವವರನ್ನು ನಾನಂತೂ ಇನ್ನೂ ನೋಡಿಲ್ಲ. ನಾಗರಾಜ ಕತ್ತಿ ಹಿಡಿದು ಗೊಣಗುತ್ತಾ ಮರ ಹತ್ತಿದ. “ಬದನೆ ಬೇಡ ಅಂದ, ಈಗ ಮರ ಹತ್ತಿಸ್ತಾನೆ. ಎಂಥ ಗಿರಾಕಿನಪ್ಪ ಇವನು!”

ಶುಕ್ರವಾರ ಶಿವಮೊಗ್ಗದಲ್ಲಿ ಎಲೆ ಹಾಕಿದೆವು. ತೂತಿಲ್ಲದ ಬದನೆಗಳನ್ನು ಶಾರದ ಒಂದೊಂದಾಗಿ ಸೀಳಿ, ಬೆಳಕಿಗೆ ಹಿಡಿದು ನೋಡಿ, ಮಸಾಲೆ ತುಂಬಿದ್ದಳು. ಅಷ್ಟೂ ಮೇಘನಾಳ ಎಲೆಗೆ. ಬೇರೆಯವರಿಗೆ ಹಲಸಿನಕಾಯಿ ಪಲ್ಯ.

ಪಂಕ್ತಿಯಲ್ಲಿ ಗುಸುಗುಸು ಶುರುವಾಯಿತು. ಗೀತಮ್ಮ ಅಡುಗೆಮನೆಗೇ ಬಂದರು. “ಏನಿದು? ನಾನು ಹೇಳಿದ್ದು ಎಲ್ಲರಿಗೂ ಎಣ್ಣೆಗಾಯಿ ಅಲ್ವಾ?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾವಾಗ ಹೊಡೆದದ್ದು, ಯಾಕೆ ಬಿಟ್ಟೆ, ಇವು ಎಲ್ಲಿಯವು. ಅವರು “ಫೋನ್ ಮಾಡಿ ಹೇಳಬೇಕಿತ್ತು” ಎಂದರು. ನ್ಯಾಯವಾದ ಮಾತು. ಆಮೇಲೆ ತಾವೇ ಹಲಸಿನ ಪಲ್ಯದ ಪಾತ್ರೆ ಎತ್ತಿಕೊಂಡು ಬಡಿಸಲು ಹೋದರು.

ಮೇಘನಾ ಸೊಟ್ಟ ಮೂತಿಯ ಬದನೆಯನ್ನು ತಿರುಗಿಸಿ ನೋಡುತ್ತಿದ್ದಳು. “ಅಂಕಲ್, ಇದರ ಅಣ್ಣತಮ್ಮಂದಿರಲ್ಲಿ ಹುಳ ಇತ್ತಂತೆ, ಹೌದಾ?”

“ಇತ್ತಮ್ಮ. ತಿಂದು ಗಟ್ಟಿಮುಟ್ಟಾಗಿತ್ತು.”

ಪಕ್ಕದ ಎಲೆಯ ಅಜ್ಜಿ ನನ್ನನ್ನು ಸುಡುವ ಹಾಗೆ ನೋಡಿದರು. ಹುಡುಗಿ ಮಾತ್ರ ನಕ್ಕು, ತೊಟ್ಟು ಹಿಡಿದು ಚೀಪಿ, ಒಂದನ್ನೂ ಬಿಡದೆ ತಿಂದಳು. ನನ್ನ ಅಡುಗೆಗೆ ಇಷ್ಟು ಸಮಾಧಾನ ಯಾವ ಮದುವೆ ಮನೆಯಲ್ಲೂ ಸಿಕ್ಕಿರಲಿಲ್ಲ.

ಈಗ ನನ್ನ ಮೆಸ್ಸಿನಲ್ಲಿ ಹೊಸ ಪದ್ಧತಿ. ನಾಗರಾಜ ಔಷಧಿ ಹೊಡೆದರೆ ನನಗೆ ಹೇಳಬೇಕು, ಡಬ್ಬದ ಮೇಲಿನ ದಿನ ಕಳೆಯುವವರೆಗೆ ಆ ಸಾಲಿಗೆ ನನ್ನ ಚೀಲ ಹೋಗುವುದಿಲ್ಲ. ಅದಕ್ಕೆ ಬದಲಾಗಿ ತೂತಿದ್ದರೆ, ಬಲಿತಿದ್ದರೆ ನಾನು ವಾಪಸ್ ಕಳಿಸುವಂತಿಲ್ಲ. ಹಾಗಾಗಿ ಎಣ್ಣೆಗಾಯಿ ಬಂದ್. ಹೆಚ್ಚಿ, ಕೆಟ್ಟದ್ದನ್ನು ತೆಗೆದು, ಪಲ್ಯ. ನಮ್ಮ ಮಾಮೂಲಿ ಗಿರಾಕಿ ಸೆಲ್ವರಾಜಣ್ಣ ತಟ್ಟೆ ನೋಡಿ, “ಏನ್ ಸಾರ್, ಬದನೆ ಆಕ್ಸಿಡೆಂಟ್ ಆಗಿದ್ಯಾ?” ಎಂದರು. ಆಗಲಿ ಬಿಡಿ. ಆಕ್ಸಿಡೆಂಟ್ ಆದದ್ದು ಬದನೆಗೆ ತಾನೇ?

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಎದೆ ಉಬ್ಬಿಸಿಕೊಂಡು ಓಡಾಡಬಹುದಿತ್ತು.

ಶನಿವಾರ ಬೆಳಿಗ್ಗೆ ಶಾರದ ಮತ್ತೆ ಕಾಯಿ ತುರಿಯುವುದನ್ನು ನಿಲ್ಲಿಸಿದಳು. “ರೀ, ಆ ಹೊಳೆಯೋ ಬದನೆ ಏನಾಯ್ತು?”

ನಾಗರಾಜನಿಗೆ ಫೋನು ಹಚ್ಚಿದೆ. ಸ್ಪೀಕರಿಗೇ ಹಾಕಿದೆ.

“ಅದಾ? ನೀನು ಬೇಡ ಅಂದ್ಯಲ್ಲ. ನಿನ್ನೆ ಬೆಳಿಗ್ಗೆನೇ ಶಿವಮೊಗ್ಗ ಮಾರ್ಕೆಟ್ಟಿಗೆ ಹೋಯ್ತು. ಮುಖ ನೋಡೇ ತಗೊಂಡ್ರು ಮಾರಾಯ, ಒಂದೂ ಉಳೀಲಿಲ್ಲ.”

ಅಂದಹಾಗೆ, ಶುಕ್ರವಾರ ನಿಮ್ಮ ಮನೆಯಲ್ಲಿ ಏನು ಪಲ್ಯ ಮಾಡಿದ್ದಿರಿ?