ಕೌದಿಯ ಕೊನೆಯ ಗೇಣು

ಶಹಾಬಾದಿನ ನಮ್ಮ ಓಣಿಯಲ್ಲಿ ಯಾರ ಮನೆಯ ಕೌದಿ ಮುಗಿಯಲು ಒಂದು ಗೇಣು ಉಳಿದಿದೆ ಎಂಬುದು ಹೊಲಿಯುವವರಿಗಿಂತ ಮೊದಲೇ ಮಾಣಿಕಮ್ಮನಿಗೆ ಗೊತ್ತಿರುತ್ತದೆ. ನಾವು ಹಳೆ ಸೀರೆ ಹರಿದು, ತುಂಡು ಜೋಡಿಸಿ, ತಿಂಗಳುಗಟ್ಟಲೆ ಬೆರಳು ಚುಚ್ಚಿಕೊಳ್ಳುವಾಗ ಅವಳಿಗೆ ಮೊಣಕಾಲು ನೋವು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿ ಚೂರಿಟ್ಟು ಕೌದಿಗೆ ಉಡಿ ತುಂಬುತ್ತೇವಲ್ಲ, ಆ ದಿನ ಮನೆಯಲ್ಲಿ ಹೋಳಿಗೆ. ಹೂರಣದ ವಾಸನೆ ಹಿಡಿದು ಬಂದವಳಂತೆ ಮಾಣಿಕಮ್ಮ ಸ್ವಂತ ಸೂಜಿಯೊಂದಿಗೆ ಹಾಜರು. “ಸರೀರಿ ಅತ್ಲಾಗ. ಹೊಲಿಗಿ ಭಾಳ ದೊಡ್ಡವಾಗ್ಯಾವ, ಹೊತ್ಕೊಂಡ್ರ ಕಾಲ್ಬೆರಳು ಸಿಕ್ಕೊಂತಾವ!” ಎಂದು ನಮ್ಮ ದುಡಿಮೆಯನ್ನೆಲ್ಲ ಹಳಿದು, ರೊಟ್ಟಿ ಚೂರಿಟ್ಟು, ಆರೇ ಆರು ಹೊಲಿಗೆ ಹಾಕಿ, ಎರಡು ಹೋಳಿಗೆ ತಿಂದು, ಮೂರನೆಯದನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ. ಸಂಜೆಯೊಳಗೆ ಮೊಬೈಲಿನಲ್ಲಿ ಭಂಕೂರದ ತಂಗಿಗೆ ಸುದ್ದಿ: “ಆ ಕೌದಿ ನಾನೇ ಮುಗಿಸಿ ಕೊಟ್ಟೀನಿ.” ಇಪ್ಪತ್ತು ವರ್ಷದಲ್ಲಿ ಅವಳು ಮುಗಿಸದ ಕೌದಿ ಈ ಓಣಿಯಲ್ಲೇ ಇಲ್ಲವೆಂದು ನಾವೆಲ್ಲ ಬಾಯಿಗೆ ಸೆರಗು ಹಿಡಿದು ನಗುತ್ತೇವೆ. ಮೊನ್ನೆ ಕತ್ತರಿ ಬೇಕಾಗಿ ಮೊದಲ ಸಲ ಅವಳ ಮನೆಯೊಳಗೆ ಕಾಲಿಟ್ಟೆ. ಹೊರಸಿನ ಮೇಲೆ ಬಣ್ಣ ಮಾಸಿದ ಕೌದಿಯೊಂದಿತ್ತು. ಅಕ್ಕಿ ಕಾಳಿನಷ್ಟು ಸಣ್ಣ ಹೊಲಿಗೆ, ಒಂದು ಮೂಲೆ ಮಾತ್ರ ತೆರೆದೇ ಇತ್ತು. “ಇದ್ಯಾಕ ಹಂಗೇ ಬಿಟ್ಟೀರಿ?” ಎಂದೆ. “ತನ್ನ ಕೌದಿಗಿ ತಾನೇ ಉಡಿ ತುಂಬಬಾರ್ದವ್ವ, ಮಂದಿ ಬರ್ಬೇಕು,” ಎಂದಳು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ.