ಕಲ್ಲೂ ಗುಂಡೂ, ಪೌಲೋಸೂ ಬಾವನೂ

ಕುಸುಮಾವತಿಯ ಮನೆಯ ಕಡೆಯುವ ಕಲ್ಲಿನ ಸದ್ದು ನಿಂತಿತೆಂದರೆ ಒಂದೋ ಹಿಟ್ಟು ನುಣ್ಣಗಾಯಿತು, ಇಲ್ಲವೇ ಹೊರಗಿನ ಅಂಗಳದಲ್ಲಿ ಬಾಸ್ಕೆಟ್ ಬಿತ್ತು. ಎರ್ನಾಕುಳಂನ ಆ ಓಣಿಯವರು ಹೀಗೆ ಹೇಳುತ್ತಿದ್ದರು. ಅವಳ ದೋಸೆಯಲ್ಲಿ ತರಿ ಸಿಕ್ಕಿದರೆ ಹಿಂದಿನ ಸಂಜೆಯ ಪಂದ್ಯ ಬಿಗಿಯಾಗಿತ್ತೆಂದೇ ಲೆಕ್ಕ.

ಅವಳದೇನೂ ತಪ್ಪಿಲ್ಲ. ಗಂಡ ಹಯವದನನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಅರುವತ್ತನಾಲ್ಕರಲ್ಲಿ ಪುತ್ತೂರಿನಿಂದ ಬಂದಾಗ ಸಿಕ್ಕಿದ ಬಾಡಿಗೆ ಮನೆ ಅದು. ಅಡುಗೆಮನೆಯ ಕಿಟಕಿ ತೆರೆದರೆ ಕ್ಲಬ್ಬಿನ ಬಾಸ್ಕೆಟ್‌ಬಾಲ್ ಅಂಗಳ. ತವರಿನಿಂದ ತಂದ ಕಡೆಯುವ ಕಲ್ಲಿಗೆ ಜಾಗ ಸಿಕ್ಕಿದ್ದೂ ಆ ಕಿಟಕಿಯಡಿಯಲ್ಲೇ. ಕೈ ಗುಂಡು ತಿರುಗಿಸುತ್ತಿದ್ದರೆ ಕಣ್ಣಿಗೇನು ಕೆಲಸ? ಮೊದಲ ವರ್ಷ ಅವಳಿಗೆ ಕಂಡದ್ದು ಹತ್ತು ಗಂಡಸರು, ಒಂದು ಚೆಂಡು, ತಳವಿಲ್ಲದ ಎರಡು ಬುಟ್ಟಿ. "ಪಾಪ, ಯಾರಾದರೂ ತಳ ಹೊಲಿದು ಕೊಡಬಾರದಾ?" ಎಂದು ಮರುಗಿದ್ದಳು. ಎರಡನೆಯ ವರ್ಷಕ್ಕೆ, ಚೆಂಡನ್ನು ಪುಟಿಸದೆ ಹಿಡಿದುಕೊಂಡು ನಡೆದವನನ್ನು ಕಂಡರೆ ರೆಫ್ರಿಯ ಸೀಟಿಗಿಂತ ಮೊದಲು ಕಿಟಕಿಯಿಂದ "ಹೆಜ್ಜೆ! ಹೆಜ್ಜೆ!" ಎಂಬ ಕೂಗು ಬರುತ್ತಿತ್ತು.

ಆಗ ಎರಡು ಜೋಡಿಗಳದ್ದೇ ಹೆಸರು. ಕೊಚ್ಚಿಯ ತಂಡದ ಪೌಲೋಸ್ ಮತ್ತು ಬಾವ (ಯಾರ ಬಾವನೂ ಅಲ್ಲ, ಹೆಸರೇ ಹಾಗೆ); ತಿರುವನಂತಪುರದ ತಂಡದ ತಂಗಪ್ಪನ್ ಮತ್ತು ಭಾಸ್ಕರನ್. ನಾಲ್ವರಿಗೂ ಆಡುವುದಕ್ಕೆಂದೇ ನೌಕರಿ ಕೊಟ್ಟಿದ್ದರು. ಫೈಲು ಯಾವ ಬಣ್ಣದ್ದೆಂದು ಒಬ್ಬನಿಗೂ ಗೊತ್ತಿರಲಿಲ್ಲ. ಎಡಮನೆಯ ವರ್ಕಿ ಅಲ್ಲೇ ಪಕ್ಕದ ವಲ್ಲಾರ್ಪಾಡ ದ್ವೀಪದವನು, ಕೊಚ್ಚಿಯ ಪಕ್ಷ. ಬಲಮನೆಯ ಸದಾಶಿವನ್ ನಾಯರ್ ತಿರುವನಂತಪುರದವರು. ಅವರ ಪಕ್ಷ ಯಾವುದೆಂದು ಕೇಳಬೇಕಾಗಿಲ್ಲ. ಯಾವ ಜೋಡಿ ದೊಡ್ಡದೆಂದು ಇಬ್ಬರೂ ಒಂಬತ್ತು ವರ್ಷ ಬೇಲಿ ಅಲುಗಿಸಿದರು. ಕುಸುಮಾವತಿ ಇಲ್ಲಿಯವಳೂ ಅಲ್ಲ, ಅಲ್ಲಿಯವಳೂ ಅಲ್ಲ ಎಂದು ನ್ಯಾಯ ಅವಳ ಕಿಟಕಿಗೆ ಬರುತ್ತಿತ್ತು. ಅವಳೋ ಜಾಣೆ. "ಹಿಟ್ಟು ಹುಳಿ ಬರಲಿ, ಹೇಳ್ತೇನೆ" ಎಂದು ದಾಟಿಸುತ್ತಿದ್ದಳು.

ಎಪ್ಪತ್ತಮೂರರಲ್ಲಿ ಹಯವದನನಿಗೆ ತಿರುವನಂತಪುರಕ್ಕೆ ವರ್ಗವಾಯಿತು.

"ಕಲ್ಲು ಇಲ್ಲೇ ಇರಲಿ ಮಾರಾಯ್ತಿ. ಅಲ್ಲಿ ಕಲ್ಲಿಗೆ ಬರಗಾಲವಾ?"

"ಕಲ್ಲು ಬರದಿದ್ದರೆ ನಾನೂ ಬರುವುದಿಲ್ಲ. ನೀವು ಹೋಟೆಲಿನ ದೋಸೆ ತಿಂದುಕೊಂಡಿರಿ."

"ಎತ್ತುವವರು ಯಾರು? ನನ್ನ ಸೊಂಟ ಗೊತ್ತುಂಟಲ್ಲ ನಿನಗೆ? ರೈಲಿನ ಹೊತ್ತಿಗೆ ಗಾಡಿಗೆ ಏರಿದರೆ ಏರಿತು. ಇಲ್ಲದಿದ್ದರೆ ಅದರ ಹಣೆಬರಹ."

ಹೊರಡುವ ದಿನ ಕೈಗಾಡಿ ಓಣಿಯ ಬಾಯಲ್ಲೇ ನಿಂತಿತು. ಒಳಗೆ ಬರಲು ಜಾಗವಿಲ್ಲ. ವರ್ಕಿಯೂ ನಾಯರೂ ಬಂದರು. ಬಂದವರು ಕಲ್ಲಿನ ಎರಡೂ ಬದಿಗೆ ಕೈಕಟ್ಟಿ ನಿಂತರು.

"ಮೊದಲು ತೀರ್ಪು ಹೇಳು ಚೇಚಿ. ಆಮೇಲೆ ಕಲ್ಲು" ಎಂದ ವರ್ಕಿ. ಅವನಿಗೆ ಅವಳು ಚೇಚಿ, ಅಂದರೆ ಅಕ್ಕ; ಅವಳಿಗೆ ಅವನು ಚೇಟ್ಟ, ಅಣ್ಣ.

"ಈ ಒಂದು ವಿಷಯದಲ್ಲಿ ಮಾತ್ರ ನಾನು ಇವನ ಕಡೆ" ಎಂದರು ನಾಯರ್.

ಹಯವದನ ಗಡಿಯಾರ ನೋಡಿದ. ಅವನ ಮುಖದಲ್ಲಿ ಸಣ್ಣ ಆಸೆ ಮೂಡಿದ್ದನ್ನು ಕುಸುಮಾವತಿ ಕಂಡಳು. ಸೆರಗು ಸಿಕ್ಕಿಸಿಕೊಂಡು ಗುಂಡನ್ನು ಕಲ್ಲಿನಿಂದ ತೆಗೆದು ಗೋಡೆಗೆ ಒರಗಿಸಿದಳು.

"ನಾಯರ್ ಸಾರ್, ಭಾಸ್ಕರನ್ ಕಾಲು ಉಳುಕಿ ಕೂತ ದಿನ ತಂಗಪ್ಪನ್ ಏನು ಮಾಡಿದ?"

"ಒಬ್ಬನೇ ಮೂವತ್ತು ಪಾಯಿಂಟು!"

"ವರ್ಕಿ ಚೇಟ್ಟಾ, ಬಾವ ಐದು ಫೌಲ್ ಮಾಡಿ ಹೊರಗೆ ಹೋದಾಗ ನಿಮ್ಮ ಪೌಲೋಸ್?"

ವರ್ಕಿ ನೆಲ ನೋಡಿದ. "ಸುಮ್ಮನೆ ನಿಂತಿದ್ದ."

"ಗುಂಡಿಲ್ಲದ ಕಲ್ಲಿನ ಹಾಗೆ! ಈಗ ಕೇಳಿ. ಒಬ್ಬ ಇಲ್ಲದೆಯೂ ಇನ್ನೊಬ್ಬನಿಗೆ ನಡೆಯುತ್ತದೆ ಅಂತಾದರೆ ಅವರು ಇಬ್ಬರು ದೊಡ್ಡ ಆಟಗಾರರು. ಒಬ್ಬ ಇಲ್ಲದಿದ್ದರೆ ಇನ್ನೊಬ್ಬ ದಂಡ ಅಂತಾದರೆ, ಅದು ಜೋಡಿ. ಆಯ್ತಲ್ಲ? ಎತ್ತಿ."

ನಾಯರ್ "ದೊಡ್ಡ ಆಟಗಾರರು" ಎಂಬಷ್ಟನ್ನು ಕಿವಿಗೆ ಹಾಕಿಕೊಂಡರು. ವರ್ಕಿ "ಜೋಡಿ" ಎಂಬಷ್ಟನ್ನು. ಗೆದ್ದ ಹುಮ್ಮಸ್ಸಿನಲ್ಲಿ ಕಲ್ಲು ಹತ್ತಿಯಾಯಿತು. "ನಾನು ಗೆದ್ದೆ", "ಹೋಗೋ, ನಾನು" ಎನ್ನುತ್ತಲೇ ಓಣಿ ದಾಟಿಸಿ ಗಾಡಿಗೇರಿಸಿದರು. ಹಯವದನ ಸೋತವನಂತೆ ಹಗ್ಗ ಬಿಗಿದ.

ಕುಸುಮಾವತಿ ಗಾಡಿಯನ್ನೊಮ್ಮೆ ನೋಡಿದಳು. ಕಲ್ಲಿನ ಗುಳಿ ಬೊಚ್ಚುಬಾಯಿ ತೆರೆದು ಕೂತಿತ್ತು.

"ಗುಂಡು ಎಲ್ಲಿ?"

ವರ್ಕಿ ನಾಯರನ್ನು ನೋಡಿದ, ನಾಯರ್ ಹಯವದನನನ್ನು ನೋಡಿದರು, ಹಯವದನ ಆಕಾಶ ನೋಡಿದ.

"ಇಷ್ಟು ಹೊತ್ತು ನಾನು ಹೇಳಿದ್ದು ಯಾರಿಗೆ ಮಾರಾಯ್ರೆ?" ಎಂದು ಅವಳೇ ಹಿಂದಿರುಗಿದಳು.

ಖಾಲಿ ಅಡುಗೆಮನೆಯಲ್ಲಿ ಗುಂಡು ಗೋಡೆಗೊರಗಿ ಕೂತಿತ್ತು, ಪೆಟ್ಟು ತಿಂದ ಮಗುವಿನ ಹಾಗೆ. ಕಿಟಕಿಯಾಚೆ ಅಂಗಳದಲ್ಲಿ ಯಾರೂ ಇರಲಿಲ್ಲ. ತಳವಿಲ್ಲದ ಬುಟ್ಟಿಗಳ ನೆರಳು ಮಾತ್ರ. ಅವಳು ಸ್ವಲ್ಪ ಹೊತ್ತು ನಿಂತು ನೋಡಿ ಕಿಟಕಿ ಮುಚ್ಚಿದಳು. ಗುಂಡನ್ನು ಸೊಂಟಕ್ಕೇರಿಸಿಕೊಂಡು, ಒಂದು ಕೈಯಿಂದ ಬೀಗ ಜಡಿದು, ಕೊನೆಯ ಸಲ ಆ ಮೆಟ್ಟಿಲಿಳಿದಳು.

"ಹೆಜ್ಜೆ, ಚೇಚಿ, ಹೆಜ್ಜೆ!" ಓಣಿಯ ತುದಿಯಿಂದ ವರ್ಕಿ ಕೂಗಿದ. "ಪುಟಿಸದೆ ನಡೆಯುವ ಹಾಗಿಲ್ಲ!"

"ಫೌಲ್!" ಎಂದರು ನಾಯರ್.

"ಯಾರಾದರೊಬ್ಬರು ಬಂದು ಕಾಲು ಚಾಚಿ" ಎಂದಳು ಕುಸುಮಾವತಿ, ನಡಿಗೆ ನಿಲ್ಲಿಸದೆ. "ಪುಟಿಸಿ ತೋರಿಸ್ತೇನೆ."