ಎಡಗೈಯ ವಿನಯ

ಪ್ಯೋ ಸೊಕ್ಜುವಿನ ಉದ್ಯೋಗವೆಂದರೆ ನಿಲ್ಲುವುದು. ಕೊರಿಯಾದ ಕರಾವಳಿಯ ಪುಟ್ಟ ತಾಲೂಕು ಕಚೇರಿಯೊಂದು ತನ್ನ ಶೂಟಿಂಗ್ ತಂಡದಲ್ಲಿಟ್ಟುಕೊಂಡು ಅವನಿಗೆ ಸಂಬಳ ಕೊಡುತ್ತಿದ್ದುದು ಅದಕ್ಕೇ. ಬಲಗೈಯಲ್ಲಿ ಏರ್ ಪಿಸ್ತೂಲು, ಎಡಗೈ ಪ್ಯಾಂಟಿನ ಜೇಬಿನಲ್ಲಿ, ಭುಜ ಸಡಿಲ, ಹೊಟ್ಟೆ ಸಡಿಲ. ಕಣ್ಣು ಮುಚ್ಚಿ ತೋಳೆತ್ತಿ, ಮತ್ತೆ ಕಣ್ಣು ತೆರೆದಾಗ ಪಿಸ್ತೂಲಿನ ಮೂತಿ ಗುರಿಯಿಂದ ಸರಿದಿದ್ದರೆ ತೋಳನ್ನು ಎಳೆದು ತರುವಂತಿಲ್ಲ. ಪಾದವನ್ನೇ ಕೂದಲೆಳೆಯಷ್ಟು ಸರಿಸಬೇಕು. ಮದುವೆಗೆಂದು ಪರಿಚಯವಾದ ಹುಡುಗಿಗೆ ಅವನು ಇದನ್ನೆಲ್ಲ ವಿವರಿಸಿದಾಗ ಅವಳು, "ಅಂದ್ರೆ ಏನೂ ಮಾಡ್ದೆ ಇರೋದಕ್ಕೆ ದುಡ್ಡು ಕೊಡ್ತಾರಾ?" ಎಂದಿದ್ದಳು. ಅದಕ್ಕಿಂತ ಚೆನ್ನಾಗಿ ಹೇಳಲು ಅವನಿಗೂ ಬರುತ್ತಿರಲಿಲ್ಲ.

ಆ ಕೆಲಸಕ್ಕೂ ಈಗ ಕುತ್ತು ಬಂದಿತ್ತು. ರಾಷ್ಟ್ರೀಯ ಕೂಟದಲ್ಲಿ ಪದಕ ಬಾರದಿದ್ದರೆ ಸೊಕ್ಜುವಿನ ಕರಾರು ನವೀಕರಿಸುವುದಿಲ್ಲವೆಂದು ತಾಲೂಕಿನ ಮುಖ್ಯಸ್ಥರು ಹೇಳಿಬಿಟ್ಟಿದ್ದರು. ಅವನು ಹೇಗೋ ಫೈನಲ್ ತಲುಪಿದ. ಫೈನಲಿನ ಹಿಂದಿನ ಸಂಜೆ ಮುಖ್ಯಸ್ಥರೇ ಬಂದು ತಂಡಕ್ಕೆ ಸುಟ್ಟ ಹಂದಿಮಾಂಸದ ಊಟ ಹಾಕಿಸಿದರು. ಎಲ್ಲರಿಗಿಂತ ಕಿರಿಯವನಾದ ಸೊಕ್ಜುವಿಗೆ ಎಲ್ಲರ ಲೋಟಕ್ಕೆ ಸೋಜು ಮದ್ಯ ಬಗ್ಗಿಸುವ ಕೆಲಸ. ದೊಡ್ಡವರಿಗೆ ಬಗ್ಗಿಸುವಾಗ ಮರ್ಯಾದೆಗೆಂದು ಬಾಟಲಿ ಹಿಡಿದ ಬಲಗೈಗೆ ಎಡಗೈ ಆಸರೆ ಕೊಡಲೇಬೇಕು. ಮುಖ್ಯಸ್ಥರು ಬಹಳ ಬಾಯಾರಿದ ಮನುಷ್ಯ.

ಮರುದಿನ ಫೈನಲ್‌ಗೆ ಮುಂಚಿನ ಅಭ್ಯಾಸದ ಗುಂಡು ಹೊಡೆಯುತ್ತಿದ್ದಾಗ ಬೆನ್ನ ಹಿಂದೆ ಮುಖ್ಯಸ್ಥರ ಕೆಮ್ಮು ಕೇಳಿಸಿತು. ಸೊಕ್ಜುವಿನ ಬಲಗೈ ಮೇಲೆದ್ದಿತು. ಎಡಗೈ ತಾನಾಗಿ ಜೇಬಿನಿಂದ ಹೊರಬಂದು ಬಲಗೈಯ ಕೆಳಗೆ ವಿನಯದಿಂದ ಕೂತಿತು.

ತೀರ್ಪುಗಾರ ಓಡಿಬಂದ. "ಒಂದೇ ಕೈ! ಫೈನಲಲ್ಲಿ ಹೀಗೆ ಮಾಡಿದ್ರೆ ಅಂಕ ಕಳೀತೀನಿ."

ಸೊಕ್ಜು ಎಡಗೈಯನ್ನು ಜೇಬಿಗೆ ತುರುಕಿದ. ಹಿರಿಯರೆದುರು ಜೇಬಲ್ಲಿ ಕೈ! ಕುತ್ತಿಗೆ ಸೆಟೆದುಕೊಂಡಿತು, ಅಲ್ಲಿಂದ ಭುಜ, ಭುಜದಿಂದ ದವಡೆ. ಪಿಸ್ತೂಲಿನ ಮೂತಿ ಚಳಿಜ್ವರ ಬಂದಂತೆ ನಡುಗಿತು.

"ಅದು ಪಿಸ್ತೂಲು ಕಣೋ ಮಾರಾಯ, ಬಾಟ್ಲಿ ಅಲ್ಲ!" ಕೋಚ್ ಹಲ್ಲು ಕಡಿದರು.

"ನಂಗೊತ್ತು ಸಾರ್. ಕೈಗೆ ಗೊತ್ತಿಲ್ಲ. ಅವ್ರು ನೋಡ್ತಿದಾರಲ್ಲ."

ತಂಡದ ಹಿರಿಯ ಶೂಟರ್ ಯೊನ್‌ಹ್ವಾ ಪಕ್ಕದಲ್ಲೇ ಇದ್ದಳು. "ಹಂಗಾದ್ರೆ ನೋಡ್ದೇ ಇರ್ಲಿ ಬಿಡು," ಎಂದು ನೇರ ಮುಖ್ಯಸ್ಥರ ಬಳಿ ಹೋಗಿ ಬಾಗಿದಳು. "ಸಾಹೇಬ್ರೇ, ನೀವು ನೋಡ್ತಿದ್ರೆ ಅವ್ನಿಗೆ ಜೇಬಲ್ಲಿ ಕೈ ಇಡೋಕೆ ಸಂಕೋಚ."

"ಹೊರಗೆ ಹೋಗ್ಲೇನಮ್ಮಾ?"

"ಅಯ್ಯೋ ಬೇಡಿ. ತನ್ನಿಂದ ನೀವು ಹೊರಗೆ ಹೋಗ್ಬೇಕಾಯ್ತು ಅಂತ ಇನ್ನೂ ಸೆಟ್ಕೊಂಬಿಡ್ತಾನೆ. ಸುಮ್ನೆ ಆ ಕಡೆ ತಿರುಗಿ ಸಾಕು."

ತಮ್ಮೆದುರು ಕುಡಿಯುವ ಕಿರಿಯರು ಮರ್ಯಾದೆಗೆಂದು ಮುಖ ತಿರುಗಿಸುವುದನ್ನು ಜೀವಮಾನವಿಡೀ ಕಂಡಿದ್ದ ಮುಖ್ಯಸ್ಥರು ಮೊದಲ ಬಾರಿಗೆ ತಾವೇ ಗೋಡೆಗೆ ಮುಖ ಮಾಡಿದರು. ಅವರು ತಿರುಗಿದ ಮೇಲೆ ಉಪಮುಖ್ಯಸ್ಥರು ತಿರುಗದಿರಲಾದೀತೆ? ಗುಮಾಸ್ತರು ತಿರುಗಿದರು. ಫೋಟೋ ತೆಗೆಯಲು ಬಂದಿದ್ದ ಪ್ರಚಾರ ವಿಭಾಗದವನೂ ತಿರುಗಿದ.

ಸೊಕ್ಜುವಿನ ಎಡಗೈ ಜೇಬಿನಲ್ಲಿ ನಿದ್ದೆಹೋಯಿತು. ಭುಜ ಇಳಿಯಿತು, ದವಡೆ ಸಡಿಲವಾಯಿತು. ಫೈನಲ್ ಮುಗಿಯುವವರೆಗೂ ಇಡೀ ತಾಲೂಕು ಆಡಳಿತ ಶ್ರದ್ಧೆಯಿಂದ ಸುಣ್ಣದ ಗೋಡೆ ನೋಡಿತು.

ಕೊನೆಗೆ ಸಭಾಂಗಣ ಚಪ್ಪಾಳೆ ತಟ್ಟಿತು. "ಏನಾಯ್ತು?" ಮುಖ್ಯಸ್ಥರು ಗೋಡೆಯನ್ನೇ ಕೇಳಿದರು.

"ಮೂರನೇ ಸ್ಥಾನ, ಸಾಹೇಬ್ರೇ! ಕಂಚು!" ಎಂದರು ಕೋಚ್.

"ಎಷ್ಟು ಚೆನ್ನಾಗಿ ನಿಂತ ನೋಡಿ! ಇನ್ನೊಂದು ವರ್ಷ ಇರ್ಲಿ ಅವ್ನು."

ಸಾಲಾಗಿ ನಿಂತ ಬೆನ್ನುಗಳೆಲ್ಲ ತಲೆಯಾಡಿಸಿದವು. ತಿರುಗಬಹುದೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಪ್ರಚಾರ ವಿಭಾಗದವನು ಗೋಡೆಯ ಫೋಟೋ ತೆಗೆದುಕೊಂಡ.